ಏಳು ಹಿತ್ತಾಳೆ ಮೊಳೆ

ಮೊಂಟಾನಾದ ಹಾರ್ಲನ್ ಕೌಂಟಿ ಶೆರಿಫ್ ಠಾಣೆಗೆ 2009ರ ಫೆಬ್ರುವರಿ 21, ಶನಿವಾರ ಮಧ್ಯಾಹ್ನ ದೂರು ಬಂತು. ದೂರುದಾರ ಕ್ಲೇಟನ್ ವೆಕ್ಸ್ಲರ್, ವಯಸ್ಸು ಐವತ್ತೆಂಟು, ಹಳೆಯ ರಿವಾಲ್ವರುಗಳ ಸಂಗ್ರಾಹಕ ಮತ್ತು ವ್ಯಾಪಾರಿ. ಊರಾಚೆಯ ಜಾನುವಾರು ಹರಾಜಿನ ಸಭಾಂಗಣದಲ್ಲಿ ಆ ವಾರಾಂತ್ಯ ಹಳೆಯ ಕೋವಿಗಳ ಪ್ರದರ್ಶನ ನಡೆದಿತ್ತು. ಕಳವು ಅಲ್ಲಿಯೇ ಆಗಿತ್ತು.

"ಏನು ಹೋಗಿದೆ?" ಸಾರ್ಜೆಂಟ್ ರಾಯ್ ಟೊಲೆಫ್ಸನ್ ಕೇಳಿದ.

"ಹಿಡಿ."

"ಏನ್ ಹಿಡಿ?"

"ರಿವಾಲ್ವರಿಂದು. ಮರದ್ದು, ಎರಡು ತುಂಡು. ರಿವಾಲ್ವರ್ ಅಲ್ಲೇ ಬಿಟ್ಟಿದಾರೆ."

"ಕುದುರೆ ಬಿಟ್ಟು ಲಾಳ ಬಿಚ್ಕೊಂಡು ಹೋದ ಹಾಗಾಯ್ತಲ್ಲ," ಎಂದ ಡೆಪ್ಯುಟಿ ಡ್ವೈಟ್.

ವೆಕ್ಸ್ಲರ್ ನಗಲಿಲ್ಲ.

ಎರಡೂವರೆಗೆ ಸಾರ್ಜೆಂಟ್ ಮತ್ತು ಡ್ವೈಟ್ ಸ್ಥಳಕ್ಕೆ ಹೋಗಿ ಮಹಜರು ಬರೆದರು. ಹಸಿರು ಬಟ್ಟೆ ಹಾಸಿದ ಮೇಜು. ಮೇಜಿಗೆ ತಂತಿಯಿಂದ ಬಿಗಿದ 1875ರ ಮಾದರಿಯ ರೆಮಿಂಗ್ಟನ್ ರಿವಾಲ್ವರ್. ನಿಕ್ಕಲ್ ಲೇಪ ಮುಕ್ಕಾಲು ಪಾಲು ಹೋಗಿದೆ. ಹಿಡಿ ಇರಬೇಕಾದ ಜಾಗದಲ್ಲಿ ಬರಿಯ ಕಬ್ಬಿಣದ ಚೌಕಟ್ಟು. ಪಕ್ಕದಲ್ಲಿ ಒಂದೇ ಒಂದು ತಿರುಪು. ಅದನ್ನು ಡ್ವೈಟ್ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ. ಮೇಜಿನ ಮೇಲೆ ದಪ್ಪಕ್ಷರದ ಒಂದು ಚೀಟಿ ನಿಂತಿತ್ತು: 'ಗ್ರೇ ಓಟರ್. ಏಳು ಬಿಳಿಯ ವಲಸಿಗರನ್ನು ಕೊಂದ ಕ್ರೂರಿ. ಹಿಡಿಯ ಮೇಲೆ ಏಳು ಮೊಳೆ, ಏಳು ಹೆಣ.'

"ನೀನು ಎಲ್ಲಿದ್ದೆ?"

"ಊಟಕ್ಕೆ ಹೋಗಿದ್ದೆ. ಪಕ್ಕದ ಮೇಜಿನವನಿಗೆ ನೋಡ್ಕೋ ಅಂದಿದ್ದೆ. ಅವನು ಹರಟೆ ಹೊಡೀತಾ ನಿಂತ."

"ಯಾರ ಮೇಲೆ ಅನುಮಾನ?"

"ಗಸ್ ಪ್ರೂಟ್. ಅವನ ಹತ್ರ ಇದೇ ಮಾದರಿ ಇದೆ. ಅದರ ಹಿಡಿ ಅಸಲಿ ಅಲ್ಲ. ವರ್ಷಗಟ್ಟಲೆ ಹುಡುಕ್ತಿದಾನೆ."

ಗಸ್ ಪ್ರೂಟ್ ಎಪ್ಪತ್ತರ ಮುದುಕ. ಸಭಾಂಗಣದ ಇನ್ನೊಂದು ತುದಿಯಲ್ಲಿ ಅವನ ಮೇಜು. ಕೇಳುವ ಮೊದಲೇ ಚೀಲ, ಪೆಟ್ಟಿಗೆ, ಕೋಟಿನ ಜೇಬು ಎಲ್ಲ ತೆರೆದಿಟ್ಟ. ಏನೂ ಸಿಗಲಿಲ್ಲ. ಡ್ವೈಟ್ ತಿರುಪು ತೋರಿಸಿದ. ಮುದುಕ ಕನ್ನಡಕ ಏರಿಸಿ ನೋಡಿದವನು ಮುಖ ಕಿವುಚಿದ.

"ಯಾವ ಕಟುಕನಪ್ಪ ಇದು ಮಾಡಿದ್ದು? ತಲೆ ಎಲ್ಲ ಕೆತ್ತಿ ಹೋಗಿದೆ. ನಾಣ್ಯ ಹಾಕಿ ತಿರುಗಿಸಿದಾರೆ."

"ನೀನು ಹೇಗೆ ತಿರುಗಿಸ್ತೀಯ?"

"ತಿರುಗಿಸೋದೇ ಇಲ್ಲ ಮಾರಾಯ. ನಮ್ಮಲ್ಲಿ ಯಾರೂ ತಿರುಪು ಮುಟ್ಟಲ್ಲ. ನೂರಿಪ್ಪತ್ತು ವರ್ಷ ಅಲುಗದ ತಿರುಪು ಅಂದ್ರೆ ಕೋವೀನ ಯಾರೂ ಬಿಚ್ಚಿಲ್ಲ ಅಂತ ಗ್ಯಾರಂಟಿ. ಒಂದು ಗೀರು ಬಿತ್ತೋ, ಬೆಲೆ ಅರ್ಧ ಆಯ್ತು."

"ಹಾಗಾದ್ರೆ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರಲ್ಲ."

"ಗೊತ್ತಾಗೋದು ಯಾರಿಗೆ ಬೇಕು?"

ಸಾರ್ಜೆಂಟ್ ವೆಕ್ಸ್ಲರನ ಮೇಜಿಗೆ ಮರಳಿದ.

"ಈ ತಿರುಪು ಬಿಚ್ಚಿ ತೋರ್ಸು ಅಂತ ಯಾರಾದ್ರೂ ಕೇಳಿದ್ರಾ?"

"ಕೊಳ್ಳೋರು ಯಾರೂ ಅಂಥ ಮಾತು ಆಡಲ್ಲ."

"ಕೊಳ್ಳದವರು?"

ವೆಕ್ಸ್ಲರ್ ತಲೆ ಕೆರೆದುಕೊಂಡ. "ಬೆಳಿಗ್ಗೆ ಒಬ್ಬಳು ಕ್ರೋ ಬುಡಕಟ್ಟಿನ ಹೆಂಗಸು ಬಂದಿದ್ದಳು. ಶಾಲೆ ಬಸ್ ಓಡಿಸೋಳು. ಗ್ರೇ ಓಟರ್ ನನ್ನ ಮುತ್ತಜ್ಜ, ಚೀಟಿ ತೆಗಿ ಅಂದ್ಲು. ಹಿಡಿ ಬಿಚ್ಚಿ ನೋಡು ಅಂತ ಹಟ ಹಿಡಿದ್ಲು. ಕಳಿಸಿದೆ."

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ಅವಳು ಸಂಗ್ರಾಹಕಿ ಅಲ್ಲವಲ್ಲ. ಅವಳಿಗೇನು ಗೊತ್ತು ಇದರ ಬೆಲೆ?"

"ಏಳು ಕೊಲೆ ಅಂತ ನಿಂಗೆ ಯಾರು ಹೇಳಿದ್ದು?"

"ಹಿಡಿ ಮೇಲೆ ಹೆಸರು ಕೆತ್ತಿತ್ತು. ಹುಡುಕಿಸಿದೆ. ಅವರ ಮೀಸಲು ಪ್ರದೇಶದಲ್ಲಿ ಸರ್ಕಾರದ ಪೊಲೀಸ್ ಆಗಿದ್ನಂತೆ, ಅಷ್ಟೇ ಸಿಕ್ಕಿದ್ದು. ಏಳು ಮೊಳೆ ಅಂತೂ ಇತ್ತು." ವೆಕ್ಸ್ಲರ್ ಭುಜ ಕುಣಿಸಿದ. "ಪೊಲೀಸನ ಕೋವಿ ಯಾರಿಗೆ ಬೇಕು ಸಾರ್ಜೆಂಟ್? ಬೇಜಾರು ಮಾಡ್ಕೋಬೇಡ. ಕೊಲೆಗಾರಂದು ಅಂದ್ರೆ ಜನ ನಿಂತು ನೋಡ್ತಾರೆ."

ಡ್ವೈಟ್ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡ. ಬರೆಯುವಾಗ ಅವನ ಪೆನ್ನು ಕಾಗದವನ್ನು ಹರಿಯಿತು. ವೆಕ್ಸ್ಲರ್ ಓದದೆಯೇ ಸಹಿ ಹಾಕಿದ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಊರಿನ ಪೂರ್ವಕ್ಕಿರುವ ಟ್ರೈಲರ್ ಮನೆಯ ಬಾಗಿಲು ತಟ್ಟಿದರು. ವೆಲ್ಮಾ ಗ್ರೇ ಓಟರ್‌ಗೆ ಐವತ್ತು ದಾಟಿತ್ತು. ಏಪ್ರನ್ನಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು.

"ಬನ್ನಿ. ನಿನ್ನೆಯಿಂದ ಕಾಯ್ತಿದೀನಿ. ಇಷ್ಟು ನಿಧಾನ ಆದ್ರೆ ಕಳ್ಳರಿಗೆ ಕಷ್ಟ."

ಹಿಡಿಯ ಎರಡೂ ತುಂಡು ಊಟದ ಮೇಜಿನ ಮೇಲೆ ಶುಭ್ರ ಬಟ್ಟೆಯ ಮೇಲಿದ್ದವು. ಸಾರ್ಜೆಂಟ್ ಕಾನೂನಿನ ಮಾತು ಹೇಳಿದ: "ಮಾತಾಡದೆ ಇರೋ ಹಕ್ಕು ನಿನಗಿದೆ."

"ನಮ್ಮೋರು ನೂರು ವರ್ಷ ಅದೊಂದೇ ಹಕ್ಕು ಚಲಾಯಿಸಿದ್ದು. ಸಾಕು. ಬರ್ಕೊಳ್ಳಿ."

"ಯಾಕೆ ತಗೊಂಡೆ?"

"ಮೊದಲು ಇದನ್ನ ನೋಡಿ." ಅವಳು ಎಡತುಂಡನ್ನು ತಿರುವಿದಳು. ಹೊರಗೆ ಏಳು ಹಿತ್ತಾಳೆ ಮೊಳೆ ಸಾಲಾಗಿ ಹೊಳೆಯುತ್ತಿದ್ದವು. ಒಳಗೆ, ಸರಿಯಾಗಿ ಅದೇ ಸಾಲಿನಲ್ಲಿ, ಮರ ಮೇಲಿಂದ ಕೆಳಗೆ ಸೀಳಿತ್ತು. ಸೀಳಿನ ತುಂಬ ಚರ್ಮ ಬೇಯಿಸಿ ಮಾಡಿದ, ಒಣಗಿ ಕಪ್ಪಾದ ಅಂಟು. "ಕುದುರೆಯಿಂದ ಬಿದ್ದಾಗ ಒಡೆದದ್ದು. ಸರ್ಕಾರ ಹೊಸದು ಕೊಡ್ಲಿಲ್ಲ. ಅಂಟು ಹಾಕಿ ಮೊಳೆ ಹೊಡೆದ. ನಮ್ಮನೇಲಿ ಎಲ್ಲರಿಗೂ ಗೊತ್ತಿರೋ ಕತೆ. ಹೆಣ ಅಂತೆ."

ಡ್ವೈಟ್ ಬಗ್ಗಿ ಸೀಳನ್ನು ನೋಡಿ ಬರೆದುಕೊಂಡ.

"ರಿವಾಲ್ವರ್ ಯಾಕೆ ಬಿಟ್ಟೆ?"

"ಅದು ಸರ್ಕಾರದ್ದು. ಕೆಲಸ ಬಿಟ್ಟ ದಿನ ಮುತ್ತಜ್ಜ ವಾಪಸ್ ಕೊಟ್ಟಿದ್ದ. ಅವನು ಇಟ್ಕೊಳ್ಳದೇ ಇದ್ದದ್ದನ್ನ ನಾನ್ಯಾಕೆ ಇಟ್ಕೊಳ್ಳಲಿ?"

"ಹಿಡೀನ ಏನು ಮಾಡೋಳಿದ್ದೆ?"

"ಏನೂ ಇಲ್ಲ. ಇವತ್ತು ಅವನ ಮೇಜಿನ ಹತ್ರ ನಿಂತು ಬಂದೋರಿಗೆಲ್ಲ ಒಳಭಾಗ ತೋರ್ಸೋಳಿದ್ದೆ. ನಿನ್ನೆ ಕೇಳ್ದೆ, ಬಿಚ್ಚು ಅಂತ. ತಿರುಪು ಹಾಳಾಗುತ್ತೆ ಅಂದ. ಒಬ್ಬ ಮನುಷ್ಯನ ಹೆಸರು ಹಾಳಾದ್ರೆ ಪರವಾಗಿಲ್ಲ, ತಿರುಪು ಹಾಳಾಗಬಾರದು."

"ನಮ್ಮ ಹತ್ರ ಬರಬಹುದಿತ್ತು."

"ಬಂದು? ಚೀಟಿ ಮೇಲೆ ಸುಳ್ಳು ಬರೆದಿದಾನೆ ಅಂದ್ರೆ ಯಾವ ಕಲಂ ಹಾಕ್ತಿದ್ದೆ?"

ಸಾರ್ಜೆಂಟ್‌ಗೆ ಯಾವ ಕಲಮೂ ನೆನಪಾಗಲಿಲ್ಲ. ಇರಲೂ ಇಲ್ಲ. ಕಳವಿಗೆ ಮಾತ್ರ ಇತ್ತು. ಒಲೆ ಆರಿಸಿ ಬಾ ಎಂದ. ಅವಳು ಆರಿಸಿ, ಕೋಟು ಹಾಕಿಕೊಂಡು, ಕೈ ಮುಂದೆ ಚಾಚಿದಳು. ಬೇಡಿ ಬೇಡವೆಂದು ಡ್ವೈಟ್ ಕಾರಿನ ಬಾಗಿಲು ತೆಗೆದ. 9.35ಕ್ಕೆ ಬಂಧನವಾಯಿತು.

ಮಧ್ಯಾಹ್ನ ವೆಕ್ಸ್ಲರ್ ಠಾಣೆಗೆ ಬಂದ. ಖುಷಿಯಲ್ಲಿದ್ದ.

"ಪ್ರಕರಣ ಮುಗಿದ ಮೇಲೆ ಹಿಡಿ ನಂದೇ ಅಲ್ವಾ?"

"ನಿಂದೇ."

"ನಿಮ್ಮ ವರದಿಯ ಪ್ರತಿ ಒಂದು ಬೇಕು. ಫ್ರೇಮ್ ಹಾಕಿಸಿ ಕೋವಿ ಜೊತೆ ಇಡ್ತೀನಿ. ಕೊಲೆಗಾರನ ಮರಿಮಗಳೇ ಕದ್ದದ್ದು ಅಂದ್ರೆ ಜನ ಮುಗಿಬೀಳ್ತಾರೆ."

ಡ್ವೈಟ್ ಕುರ್ಚಿಯಿಂದ ಎದ್ದ. ಸಾರ್ಜೆಂಟ್ ಕೈಸನ್ನೆ ಮಾಡಿ ಅವನನ್ನು ಕೂರಿಸಿದ. ವರದಿಯ ಕೊನೆಯ ಪುಟ ಇನ್ನೂ ಬಾಕಿ ಇತ್ತು. ಅದನ್ನು ಟೈಪ್ ಮಾಡಿ, ಸಹಿ ಹಾಕಿ, ಪ್ರತಿಯನ್ನು ಮೇಜಿನ ಮೇಲೆ ಅವನತ್ತ ತಳ್ಳಿದ. ವೆಕ್ಸ್ಲರ್ ಓದುತ್ತ ಹೋದ ಹಾಗೆ ಅವನ ಕುತ್ತಿಗೆ ಕೆಂಪಾಯಿತು.

"ಈ ಪ್ಯಾರಾ ತೆಗೀಬಹುದಲ್ಲ?"

"ಸಹಿ ಆಗಿದೆ. ಇನ್ನು ಇದನ್ನ ಮುಟ್ಟೋ ಹಾಗಿಲ್ಲ."

ವೆಕ್ಸ್ಲರ್ ಪ್ರತಿಯನ್ನು ಅಲ್ಲೇ ಬಿಟ್ಟು ಹೋದ. ಕಾರಣ ಎಂಬ ಶೀರ್ಷಿಕೆಯ ಕೆಳಗೆ ಹೀಗಿತ್ತು:

'ಆರೋಪಿಯ ಮುತ್ತಜ್ಜ ಗ್ರೇ ಓಟರ್ ಪೊಲೀಸನಾಗಿದ್ದ. ಅವನು ಯಾರನ್ನಾದರೂ ಕೊಂದ ಬಗ್ಗೆ ಯಾವ ಆಧಾರವೂ ಇಲ್ಲ; ದೂರುದಾರ ಇದನ್ನು ಬಲ್ಲವನಾಗಿದ್ದ. ಮೊಳೆಗಳನ್ನು ಹೊಡೆದದ್ದು ಒಡೆದ ಹಿಡಿಯನ್ನು ಸೇರಿಸಲು. ಇದನ್ನು ಬಿಚ್ಚಿ ನೋಡಿರೆಂದು ಆರೋಪಿ ಕೇಳಿಕೊಂಡಳು. ಯಾರೂ ನೋಡಲಿಲ್ಲ.'