ಕೆಮ್ಮಿಗೆ ಇಟ್ಟ ಹೆಸರು

"ಅವಳಿಗೆ ಉಸಿರೇ ಆಡ್ತಿಲ್ಲ, ನಿಮಗೆ ರಕ್ತ ಬೇಕಾ?! ನೀವೇನು ಮನುಷ್ಯರಾ, ಜಿಗಣೆನಾ?"

ಸೂಜಿ ಹಿಡಿದಿದ್ದ ಶ್ಯಾಮಲಳ ಕೈ ಹಾಗೇ ನಿಂತುಬಿಟ್ಟಿತು.

1961ರ ಬೇಸಿಗೆ. ಶಿಡ್ಲಘಟ್ಟದ ಉಸ್ಮಾನ್ ಸಾಬರ ನೂಲು ಬಿಚ್ಚುವ ಶೆಡ್ಡು. ಕುದಿಯುವ ನೀರಲ್ಲಿ ರೇಷ್ಮೆ ಗೂಡುಗಳು ಬೇಯುತ್ತಿದ್ದವು. ಚರಕದ ಪಕ್ಕದಲ್ಲಿ ಸಾಬರ ಮಗಳು ಜಾಹಿದಾ ಎದೆ ಹಿಡಿದುಕೊಂಡು, ಒಂದೊಂದು ಉಸಿರಿಗೂ ಒದ್ದಾಡುತ್ತಿದ್ದಳು.

ಬೈದವನು ಡಾಕ್ಟರ್ ರಾಮಾಂಜಿನಪ್ಪ. ಸಾದಲಿ ಕಡೆಯ ರೈತರ ಮನೆಯ ಹುಡುಗ, ಊರಿನ ಸರ್ಕಾರಿ ಡಿಸ್ಪೆನ್ಸರಿಗೆ ಅವನೊಬ್ಬನೇ ಡಾಕ್ಟರು. ಕೈಗುಣ ಒಳ್ಳೆಯದು, ಬಾಯಿ ಮಾತ್ರ ಕೇಳಬೇಡಿ!

"ಹೌದು, ಬೇಕು!" ಶ್ಯಾಮಲಳೂ ಬಿಡಲಿಲ್ಲ. "ಈಗಿನ ರಕ್ತಾನೇ ಬೇಕು. ನೀವು ಇಂಜೆಕ್ಷನ್ ಕೊಟ್ಟ ಮೇಲೆ ತಗೊಂಡ್ರೆ ಏನೂ ಗೊತ್ತಾಗಲ್ಲ. ಇವಳಿಗೆ ಯಾಕೆ ಹೀಗಾಗುತ್ತೆ ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ. ಮೊದಲು ಇವಳು ಬದುಕ್ಲಿ, ಆಮೇಲೆ ತಿಳ್ಕೊಳಣ. ಸರೀರೀ ಆ ಕಡೆ!"

ಇಂಜೆಕ್ಷನ್ ಬಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಜಾಹಿದಾಳ ಎದೆಯ ಗೊರಗೊರ ನಿಧಾನಕ್ಕೆ ಇಳಿಯಿತು. ಅವಳು ಕಣ್ಣು ಬಿಟ್ಟವಳೇ ಶ್ಯಾಮಲಳ ಕಡೆ ಬೆರಳು ಚಾಚಿದಳು.

"ತಗೊಳ್ಳಿ ಅಕ್ಕಾ. ಡಾಕ್ಟರ್ ಸಾಬ್ ಎಲ್ಲರಿಗೂ ಹೀಗೇ ಬೈತಾರೆ. ಮನಸ್ಸಿಗೆ ಹಚ್ಕೋಬೇಡಿ."

ರಾಮಾಂಜಿನಪ್ಪನಿಗೆ ನಗು ತಡೆಯಲಾಗಲಿಲ್ಲ. ಅಷ್ಟು ಹೊತ್ತು ಉರಿಯುತ್ತಿದ್ದ ಮುಖ ಒಮ್ಮೆಲೇ ಹಸುಗೂಸಿನ ಮುಖದಂತಾಯಿತು.

'ಅಯ್ಯೋ… ಈ ಮನುಷ್ಯ ನಗಬಾರದಿತ್ತು…' ಅಂದುಕೊಂಡಳು ಶ್ಯಾಮಲ. ಅವಳ ಎದೆ ಯಾಕೋ ನೆಟ್ಟಗಿರಲಿಲ್ಲ.

ಶ್ಯಾಮಲ ವಿದುರಾಶ್ವತ್ಥದ ಹತ್ತಿರದ ಹಳ್ಳಿಯವಳು. ಅಪ್ಪ ನರಸಿಂಹಪ್ಪ ಹೊಲ ನೋಡಿಕೊಂಡಿದ್ದರೂ ಮಗಳನ್ನು ಬೆಂಗಳೂರಿಗೆ ಕಳಿಸಿ ಓದಿಸಿದ್ದರು. ಅವಳು ಡಾಕ್ಟರೇಟ್ ಮಾಡಿದ್ದು ರೇಷ್ಮೆ ಎಳೆಯ ಪ್ರೋಟೀನಿನ ಮೇಲೆ. ಅಲ್ಲಿಗೆ ಸುಮ್ಮನಿದ್ದಿದ್ದರೆ ಒಂದು ಕುರ್ಚಿ, ಒಂದು ಫ್ಯಾನು ಸಿಗುತ್ತಿತ್ತು. ಆದರೆ ಸುಮ್ಮನಿರುವ ಜಾಯಮಾನವೇ ಅವಳದ್ದಲ್ಲವಲ್ಲ! ಎಳೆಯಿಂದ ಹುಳುವಿಗೆ ಹೋದಳು, ಹುಳುವನ್ನು ಕೊಲ್ಲುವ ಗಂಟು ರೋಗದ ಬೆನ್ನು ಹತ್ತಿದಳು. ಆ ರೋಗ ಪತ್ತೆಮಾಡಲು ಅವಳು ಕಂಡುಹಿಡಿದ ಬಣ್ಣವನ್ನು ಜಪಾನಿನವರೂ ಬಳಸತೊಡಗಿದರು. ಅಷ್ಟರಲ್ಲಿ ಇವಳು ಹುಳುವನ್ನೂ ಬಿಟ್ಟು, ಹುಳು ಬೇಯಿಸುವವರ ಎದೆಗೆ ಕಿವಿಯಿಟ್ಟಿದ್ದಳು.

"ಮೂರು ದೋಣಿಗೆ ಕಾಲಿಟ್ಟಿದ್ದೀಯಮ್ಮ" ಎಂದು ಅವಳ ಪ್ರೊಫೆಸರು ಗೊಣಗುತ್ತಿದ್ದರು. ಕೆಮಿಸ್ಟ್ರಿಯವರಿಗೆ ಅವಳು ಹುಳುವಿನವಳು, ಹುಳುವಿನವರಿಗೆ ರೋಗದವಳು. ವೈದ್ಯರಂತೂ "ಈಕೆ ನಮ್ಮ ಡಾಕ್ಟರೇ ಅಲ್ಲ" ಎಂದು ಮೂಗು ಮುರಿಯುತ್ತಿದ್ದರು.

ರಾಮಾಂಜಿನಪ್ಪ ಮಾತ್ರ ಮೂಗು ಮುರಿಯಲಿಲ್ಲ. ಬೈದ, ಅಷ್ಟೇ. ಬೈಯುತ್ತಲೇ ತನ್ನ ಡಿಸ್ಪೆನ್ಸರಿಯ ಮೈಕ್ರೋಸ್ಕೋಪು ಬಿಟ್ಟುಕೊಟ್ಟ. ಬೈಯುತ್ತಲೇ ಶೆಡ್ಡಿಂದ ಶೆಡ್ಡಿಗೆ ಅವಳ ಗಾಜಿನ ಪಟ್ಟಿಗಳನ್ನು ಸೈಕಲ್ ಮೇಲೆ ಹೊತ್ತ.

"ಒಂದು ಕಡೆ ಕೂತ್ಕೊಳ್ಳೋ ಅಭ್ಯಾಸಾನೇ ಇಲ್ವೇನ್ರೀ ನಿಮಗೆ?"

"ಇಲ್ಲ. ಕೂತ್ರೆ ಪ್ರಶ್ನೆ ಬಂದು ಕಚ್ಚುತ್ತೆ."

"ಪ್ರಶ್ನೆ ಒಂದೇನಾ? ನಮ್ಮೂರಲ್ಲಿ ಸೊಳ್ಳೆನೂ ಕಚ್ತಾವೆ. ಮೊದಲು ಈ ಮುದ್ದೆ ತಿನ್ನಿ. ಅಮ್ಮ ಸಾದಲಿಯಿಂದ ಕಳಿಸವ್ರೆ."

ಅವಳು ಮುದ್ದೆ ನುಂಗುತ್ತಾ ಅವನನ್ನೇ ನೋಡುತ್ತಿದ್ದಳು. ಅವನು ನೋಡಿದ ತಕ್ಷಣ ಸಾರಿನ ಬಟ್ಟಲು ನೋಡುತ್ತಿದ್ದಳು. ಪ್ರೀತಿಯೇ ಅದು, ಇನ್ನೇನು! ಹೇಳಲು ಮಾತ್ರ ಇಬ್ಬರಿಗೂ ಬಾಯಿಲ್ಲ.

ವರ್ಷದೊಳಗೆ ಉತ್ತರ ಸಿಕ್ಕಿತು. ಬೆಂದ ಹುಳುವಿನ ಸಣ್ಣ ಧೂಳು ಕೆಲವರ ಮೈಗೆ ಆಗಿಬರುವುದಿಲ್ಲ, ಅದಕ್ಕೇ ಉಬ್ಬಸ. ಕ್ಷಯವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಉಸ್ಮಾನ್ ಸಾಬರು ಗೋಡೆ ಒಡೆಸಿ ಎತ್ತರಕ್ಕೆ ಕಿಟಕಿ ಇಡಿಸಿದರು, ಸತ್ತ ಹುಳುಗಳನ್ನು ದೂರ ಹಾಕಿಸಿದರು. ಜಾಹಿದಾಳ ಉಸಿರು ಹಗುರವಾಯಿತು.

ಶ್ಯಾಮಲ ಇದನ್ನೆಲ್ಲ ಬರೆದು ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದಳು. ಹೊಸದೇನಾದರೂ ಸಿಕ್ಕರೆ ಸಿಕ್ಕ ಊರಿನ ಹೆಸರಿಡುವುದು ವಿಜ್ಞಾನಿಗಳ ವಾಡಿಕೆ. ಅವಳೂ ಅಭಿಮಾನದಿಂದಲೇ ಇಟ್ಟಳು: 'ಶಿಡ್ಲಘಟ್ಟ ಕೆಮ್ಮು'!

ದಿನಪತ್ರಿಕೆಗಳಲ್ಲೂ ಸುದ್ದಿ ಬಂತು. ಶ್ಯಾಮಲ ಮೈಸೂರು ಪಾಕು ಕಟ್ಟಿಸಿಕೊಂಡು ಬಸ್ಸು ಹತ್ತಿದಳು. 'ಇವತ್ತು ಹೇಳಿಬಿಡ್ತೀನಿ… ಅವರು ಬೈದ್ರೂ ಸರಿ, ಹೇಳಿಬಿಡ್ತೀನಿ…'

ಡಿಸ್ಪೆನ್ಸರಿಯಲ್ಲಿ ರಾಮಾಂಜಿನಪ್ಪ ತಲೆಯೆತ್ತಲೇ ಇಲ್ಲ.

"ಸ್ವೀಟು ಯಾರಿಗೆ? ಜಾಹಿದಾಗಾ? ಕೊಡಿ, ಹೋಗಿ. ಅವಳ ಮದುವೆ ನಿಂತೋಯ್ತು."

"ಏನು…?"

"ಮುರುಗಮಲ್ಲದ ಹುಡುಗ. ಮಾತು ಪಕ್ಕಾ ಆಗಿತ್ತು. ಈಗ ಅವನ ತಾಯಿ ಹಮೀದಾ ಬೇಗಂ, ಶಿಡ್ಲಘಟ್ಟ ಕೆಮ್ಮಿನ ಹುಡುಗಿ ನಮ್ಮನೆಗೆ ಬೇಡ ಅಂದವ್ರೆ. ಅವಳೊಬ್ಬಳೇ ಅಲ್ಲ, ಶೆಡ್ಡಿಗೆ ಹೋಗೋ ಯಾವ ಹುಡುಗೀನೂ ಕೇಳೋರಿಲ್ಲ."

"ಅಂಟಲ್ಲ ಅಂತ ಬರೆದಿದ್ದೀನಲ್ರೀ!"

"ಕೊನೇ ಪುಟದಲ್ಲಿ! ಯಾರು ಓದ್ತಾರೆ ಅದನ್ನ? ಎಲ್ಲರ ಬಾಯಲ್ಲಿರೋದು ನೀವಿಟ್ಟ ಹೆಸರು." ಅವನ ದನಿ ಒಡೆಯಿತು. "ನಿಮಗೇನು ಬಿಡಿ, ಹುಳ ಆಯ್ತು, ಎದೆ ಆಯ್ತು, ನಾಳೆ ಇನ್ನೇನೋ. ನೀವು ಹೋಗ್ತಾನೇ ಇರ್ತೀರಿ. ನೀವು ಬಿಟ್ಟೋಗಿದ್ದನ್ನ ಹೊತ್ಕೊಂಡಿರೋರು ನಾವು."

ಮೈಸೂರು ಪಾಕಿನ ಪೊಟ್ಟಣ ಮೇಜಿನ ಮೇಲೇ ಉಳಿಯಿತು. ಶ್ಯಾಮಲ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಚಿಕ್ಕಬಳ್ಳಾಪುರ ದಾಟುವವರೆಗೂ ಅತ್ತಳು.

ಬೆಂಗಳೂರಿನಲ್ಲಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೆಸರು ಬದಲಿಸಿ ಎಂದು ಆ ವಿಜ್ಞಾನ ಪತ್ರಿಕೆಯ ಸಂಪಾದಕರನ್ನು ಬೇಡಿಕೊಂಡಳು. ಅವರು ಆಶ್ಚರ್ಯಪಟ್ಟರು. ಹತ್ತಿ ಗಿರಣಿ ಕೂಲಿಗಳ ಎದೆ ನೋಡುವವರು, ಹಿಟ್ಟಿನ ಗಿರಣಿಯವರ ಕೆಮ್ಮು ನೋಡುವವರು, ಚರ್ಮದ ವೈದ್ಯರು, ಎಲ್ಲರೂ ತಮ್ಮ ತಮ್ಮ ಲೇಖನಗಳಲ್ಲಿ ಆಗಲೇ ಆ ಹೆಸರನ್ನು ಬಳಸಿಕೊಂಡಿದ್ದರು. ಅವಳಿಟ್ಟ ಹೆಸರು ಅವಳ ಕೈಮೀರಿ ಹೋಗಿತ್ತು.

ಅದೇ ಹೆಸರಿನ ದೆಸೆಯಿಂದ ಬೊಂಬಾಯಿಯ ದೊಡ್ಡ ಲ್ಯಾಬೊಂದರಿಂದ ಕರೆಯೂ ಬಂತು. ಅಲ್ಲಿ ಅವಳೇ ಮುಖ್ಯಸ್ಥೆ!

"ಹೋಗಮ್ಮ, ಇಂಥ ಅದೃಷ್ಟ ಮತ್ತೆ ಬರಲ್ಲ" ಎಂದರು ಪ್ರೊಫೆಸರು.

'ಹೋಗ್ತಾನೇ ಇರ್ತೀರಿ ಅಂದ್ರಲ್ಲ… ಹಾಗೇ ಹೋಗಿಬಿಟ್ರೆ ಅವರು ಅಂದಿದ್ದೇ ನಿಜ ಆಗುತ್ತಲ್ಲ…'

ಪೆಟ್ಟಿಗೆ ಕಟ್ಟುತ್ತಿದ್ದವಳು ಅರ್ಧಕ್ಕೇ ಬಿಟ್ಟು ಎದ್ದಳು. ಬೊಂಬಾಯಿಗೆ ಹೋಗುವುದಿದ್ದರೂ ಈ ಮದುವೆ ಕೂಡಿಸಿಯೇ ಹೋಗಬೇಕು!

ಉಸ್ಮಾನ್ ಸಾಬರು ಬಾಗಿಲಲ್ಲೇ ಕೈಮುಗಿದರು. "ಬೇಡಮ್ಮಾ. ಬೇಡ ಅಂದೋರ ಮನೆ ಬಾಗಿಲಿಗೆ ನಾನು ಹೋಗಲ್ಲ."

"ಮನೆಗೆ ಬೇಡ ಸಾಬ್ರೆ. ದರ್ಗಾಕ್ಕೆ ಹೋಗಣ. ಅಲ್ಲಿಗೆ ಯಾರು ಬೇಕಾದ್ರೂ ಹೋಗಬಹುದಲ್ಲ?"

ಹಮೀದಾ ಬೇಗಂ ಮುರುಗಮಲ್ಲದ ದರ್ಗಾ ಮುಂದೆಯೇ ಹೂವು, ಸಕ್ಕರೆ ಮಾರುತ್ತಿದ್ದರು. ಚಿಂತಾಮಣಿಯಲ್ಲಿ ಬಸ್ಸು ಬದಲಿಸಿ, ಜಾಹಿದಾಳೂ ಸೇರಿ ಮೂವರೂ ಅಲ್ಲಿಗೆ ತಲುಪಿದಾಗ ಅಂಗಡಿಯ ಬೆಂಚಿನ ಮೇಲೆ ಯಾರೋ ಆಗಲೇ ಕೂತಿದ್ದರು. ಕೆದರಿದ ತಲೆ, ಸೋತ ಮುಖ…

ರಾಮಾಂಜಿನಪ್ಪ!

"ನೀವು… ಇಲ್ಲಿ?" ಅಂದಳು ಶ್ಯಾಮಲ.

"ಬೆಳಿಗ್ಗೆಯಿಂದ ಹೇಳ್ತಾ ಇದೀನಿ, ಇವರು ಕೇಳ್ತಿಲ್ಲ" ಅಂದ ಅವನು, ಅವಳ ಕಣ್ಣು ತಪ್ಪಿಸಿ. "ನೀವು ಬೊಂಬಾಯಿಗೆ ಹೋದ್ರಿ ಅಂತ ಕೇಳ್ದೆ…"

"ಹೋಗಿಲ್ಲ."

ಹಮೀದಾ ಬೇಗಂ ಕೆಟ್ಟವರಲ್ಲ. ಬಂದವರಿಗೆ ಟೀ ಕೊಡದೆ ಕಳಿಸುವ ಜಾಯಮಾನ ಅವರದ್ದಲ್ಲ. ಎಲ್ಲರಿಗೂ ಬಿಳಿ ಪಿಂಗಾಣಿ ಕಪ್ಪಿನಲ್ಲಿ ಕೊಟ್ಟರು. ಜಾಹಿದಾಳಿಗೆ ಮಾತ್ರ ಮೂಲೆಯಲ್ಲಿ ಬೇರೆ ಇಟ್ಟಿದ್ದ, ನಗ್ಗಿದ ಅಲ್ಯೂಮಿನಿಯಂ ಲೋಟ. ಕೊಟ್ಟ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಜಾಹಿದಾ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಉಸ್ಮಾನ್ ಸಾಬರು ಮುಖ ಆ ಕಡೆ ತಿರುಗಿಸಿಕೊಂಡರು.

ಶ್ಯಾಮಲ ಆ ಲೋಟವನ್ನೇ ನೋಡಿದಳು. 'ಇದು ನಾನು ಮಾಡಿದ್ದು… ಈ ಲೋಟ ಬೇರೆ ಇಡಿಸಿದ್ದು ನಾನೇ!'

"ಬೇಗಂ ಅಮ್ಮಾ, ಇವಳ ಎದೆ ವರ್ಷವಿಡೀ ನೋಡಿದವಳು ನಾನು. ಆ ಹೆಸರಿಟ್ಟ ದಡ್ಡಿನೂ ನಾನೇ. ಇದು ಅಂಟಲ್ಲ."

"ಡಾಕ್ಟ್ರೂ ಅದೇ ಅಂದ್ರು. ಮಾತು ಯಾರು ಬೇಕಾದ್ರೂ ಹೇಳಬಹುದಮ್ಮಾ. ಇರೋನೊಬ್ಬ ಮಗ ನನಗೆ."

ಶ್ಯಾಮಲ ಬಗ್ಗಿದಳು. ಜಾಹಿದಾ ಕುಡಿದಿಟ್ಟ ಲೋಟ ಎತ್ತಿ, ಅವಳು ತುಟಿಯಿಟ್ಟ ಕಡೆಯೇ ತುಟಿಯಿಟ್ಟು ಕುಡಿದಳು.

ಸುತ್ತ ನಿಂತಿದ್ದವರು ಹೌಹಾರಿದರು. ಎಂಜಲು! ಅದೂ ಬೇರೆ ಜಾತಿಯವರ ಎಂಜಲು! ವಿದುರಾಶ್ವತ್ಥದ ಅಜ್ಜಿ ನೋಡಿದ್ದರೆ ಬಾವಿಗೇ ಬೀಳುತ್ತಿದ್ದಳೇನೋ.

"ಅಕ್ಕಾ, ಬೇಡ…" ಜಾಹಿದಾ ಅಳತೊಡಗಿದಳು.

ಅಷ್ಟರಲ್ಲಿ ಇನ್ನೊಂದು ಕೈ ಬಂದು ಆ ಲೋಟ ಕಿತ್ತುಕೊಂಡಿತು. ರಾಮಾಂಜಿನಪ್ಪ ಉಳಿದಿದ್ದನ್ನು ಒಂದೇ ಗುಟುಕಿಗೆ ಮುಗಿಸಿದ.

"ಅರೆ ಅಲ್ಲಾ!" ಹಮೀದಾ ಬೇಗಂ ಅವರ ಸೆರಗು ಬಾಯಿಂದ ಜಾರಿತು. "ಡಾಕ್ಟ್ರೇ, ಈಯಮ್ಮ ಕುಡಿದಿಟ್ಟಿದ್ದು ಅದು! ಕಟ್ಟಿಕೊಂಡ ಹೆಂಡತಿ ಎಂಜಲು ಕುಡಿದಂಗೆ ಕುಡಿದ್ರಲ್ಲಾ… ಈಯಮ್ಮ ನಿಮಗೇನಾಗ್ಬೇಕು?"

ರಾಮಾಂಜಿನಪ್ಪನ ಕಿವಿ ಕೆಂಪಾಯಿತು. ಊರನ್ನೆಲ್ಲ ಬೈಯುವ ಬಾಯಿ ತಡವರಿಸಿತು.

"ಇನ್ನೂ… ಏನೂ ಆಗಿಲ್ಲ. ಆಗ್ಬೇಕು ಅಂತ ನನಗೆ ಆಸೆ. ಬೈದು ಕಳಿಸಿದೀನಲ್ಲಾ, ಕೇಳಕ್ಕೆ ಮುಖ ಇಲ್ಲ."

ಶ್ಯಾಮಲಳಿಗೆ ಅವನನ್ನು ನೋಡಲೂ ಆಗಲಿಲ್ಲ, ನೋಡದೇ ಇರಲೂ ಆಗಲಿಲ್ಲ. ಕಣ್ಣು ತುಂಬಿ ಎಲ್ಲ ಮಂಜಾಯಿತು.

ಹಮೀದಾ ಬೇಗಂ ಇಬ್ಬರನ್ನೂ ನೋಡಿದರು. ತಲೆತಗ್ಗಿಸಿ ಕೂತ ಜಾಹಿದಾಳನ್ನು ನೋಡಿದರು. ಆಮೇಲೆ ಎದ್ದು, ತಮ್ಮ ಪಿಂಗಾಣಿ ಕಪ್ಪಿಗೇ ಟೀ ಬಗ್ಗಿಸಿ ಹುಡುಗಿಯ ಕೈಗೆ ಕೊಟ್ಟರು.

"ಕುಡಿ ಬೇಟಿ. ನಂದೇ ಕಪ್ಪು." ಆಮೇಲೆ ಉಸ್ಮಾನ್ ಸಾಬರ ಕಡೆ ತಿರುಗಿ, "ತಪ್ಪಾಯ್ತು ಭಾಯ್. ತಾರೀಕು ನೀವೇ ಹೇಳಿ" ಅಂದರು.

ಸಾಬರು ಟೋಪಿ ತೆಗೆದು ಕಣ್ಣೊರೆಸಿಕೊಂಡರು.

ತಂದೆ ಮಗಳು ದರ್ಗಾ ಒಳಗೆ ಹೋದರು. ಬೇವಿನ ಮರದ ಕೆಳಗೆ ಇವರಿಬ್ಬರೇ ಉಳಿದರು.

"ನಾನು ಬೊಂಬಾಯಿಗೆ ಹೋಗ್ತೀನಿ" ಅಂದಳು ಶ್ಯಾಮಲ. "ಈ ಕೆಲಸ ಬಿಡೋದಿಲ್ಲ. ಅಲ್ಲಿಂದ ಇನ್ನೆಲ್ಲಿಗೋ ಹೋಗ್ತೀನಿ. ನಾನಿರೋದೇ ಹೀಗೆ."

"ಬಿಡಿ ಅಂತ ನಾನೆಲ್ಲಿ ಅಂದೆ? ಹೋಗಿ. ಆದ್ರೆ ನಮ್ಮನ್ನ ಬಿಟ್ಟೋಗೋರು ಅಲ್ಲ ನೀವು. ಅದು ನನಗೆ ಇವತ್ತು ಗೊತ್ತಾಯ್ತು ಕಣ್ರೀ. ನಾನು ಇಲ್ಲೇ ಇರ್ತೀನಿ. ನೀವು ಯಾವ ಬಸ್ಸಿಗೆ ಬಂದ್ರೂ ಸ್ಟ್ಯಾಂಡಲ್ಲಿ ನಾನಿರ್ತೀನಿ."

"ಬೈಯೋಕಾ?"

"ಮೊದಲು ಬೈತೀನಿ. ತಡ ಮಾಡಿದ್ದಕ್ಕೆ."

"ಆಮೇಲೆ…?"

"ಆಮೇಲೆ ಟೀ ಕುಡಿಯಣ," ಅಂದ ರಾಮಾಂಜಿನಪ್ಪ, ಮೊದಲ ಸಲ ಅವಳ ಕೈ ಹಿಡಿದು. "ಒಂದೇ ಲೋಟ ಸಾಕು."