ಪಕ್ಕದ ಸೀಟಿನ ಅಳು

“ಮುಂದಿನ ಸಲ ನಾವಿಬ್ಬರೇ. ಮೊದಲಿಂದ ಕೊನೇವರೆಗೂ ಕೂತು ನೋಡೋಣ.”

ಮದುವೆಯಾದ ವಾರದಲ್ಲಿ ಮರುಳಸಿದ್ದಪ್ಪ ಹೆಂಡತಿ ದಾಕ್ಷಾಯಿಣಿಗೆ ಕೊಟ್ಟ ಮಾತು ಇದು. ಅರಸೀಕೆರೆಯ ಟಾಕೀಸೊಂದರ ಬಾಲ್ಕನಿಯಲ್ಲಿ, ಇಂಟರ್‌ವಲ್ ಹೊತ್ತಿನಲ್ಲಿ, ತನ್ನ ಸೀಟಿನಿಂದ ಎದ್ದು ಬಂದು, ತಾಯಿಯ ಬೆನ್ನ ಹಿಂದಿನಿಂದ ಬಾಗಿ ಪಿಸುಗುಟ್ಟಿದ್ದ. ಹೊಸ ಜೋಡಿ ಸಿನಿಮಾಕ್ಕೆ ಹೊರಟರೆ ಮನೆಮಂದಿಯೆಲ್ಲ ಜೊತೆಗೆ ಹೊರಡುವುದು ಅವರ ಕಡೆಯ ರೂಢಿ. ಮದುಮಗ ಸಾಲಿನ ಆ ತುದಿ, ಮದುಮಗಳು ಈ ತುದಿ. ನಡುವೆ ಅತ್ತೆ, ನಾದಿನಿಯರು, ಒಬ್ಬ ಚಿಕ್ಕಪ್ಪ, ದೊಡ್ಡದೊಂದು ಕಡ್ಲೆಪುರಿ ಪೊಟ್ಟಣ. ದಾಕ್ಷಾಯಿಣಿಗೆ ಆ ಸಿನಿಮಾದ ಕಥೆ ಮರೆತುಹೋಯಿತು. ಮಾತು ಮರೆಯಲಿಲ್ಲ.

ಅದಾಗಿ ಇಪ್ಪತ್ತು ವರ್ಷಗಳ ಮೇಲೆ, ಒಂದು ಬುಧವಾರ ಮಧ್ಯಾಹ್ನ, ಅದೇ ಊರಿನ ರೈಲು ನಿಲ್ದಾಣದ ಒಂದು ಗಾಜಿನ ಗೂಡಿನಲ್ಲಿ ಆಕೆ ಒಬ್ಬಳೇ ಕೂತಿದ್ದಳು. ತಲೆಯ ಮೇಲೆ ಬ್ಯೂಟಿ ಪಾರ್ಲರಿನವರು ಕೂದಲು ಒಣಗಿಸಲು ಇಡುವಂಥ ಒಂದು ಟೊಪ್ಪಿಗೆ. ಅದು ಜೇನ್ನೊಣದಂತೆ ಗುಂಯ್‌ಗುಡುತ್ತಿತ್ತು. ಊಟದ ಬಿಡುವು ಮುಗಿಯುವುದರೊಳಗೆ ಟೊಪ್ಪಿಗೆ ತೆಗೆದು ಹೊರಬಂದಳು. ಅಷ್ಟರಲ್ಲಿ ಆಕೆ ಒಂದು ಪೂರ್ತಿ ಸಿನಿಮಾ ನೋಡಿಯಾಗಿತ್ತು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ನೋಡಿದ ನೆನಪು ಆಕೆಯಲ್ಲಿ ಕೂತಿತ್ತು.

ಈ ಯಂತ್ರದ ಹೆಸರು ಚಿತ್ರಸ್ಮೃತಿ. ನಾವು ನೋಡಿದ ಸಿನಿಮಾವನ್ನು ಮಿದುಳು ಇಡಿಯಾಗಿ ಕಾದಿಡುವುದಿಲ್ಲ. ಒಂದು ಮುಖ, ಒಂದು ಹಾಡಿನ ತುಣುಕು, ಅಳು ಬಂದ ಒಂದು ಗಳಿಗೆ, ಹೀಗೆ ಕೆಲವೇ ಗಂಟುಗಳನ್ನು ಉಳಿಸಿಕೊಂಡು ಮಿಕ್ಕದ್ದನ್ನು ನೆನೆಯುವಾಗ ತಾನೇ ನೇಯ್ದುಕೊಳ್ಳುತ್ತದೆ. ಈ ಗಂಟುಗಳಿಗೆ ವಿಜ್ಞಾನಿಗಳು ‘ಸ್ಮೃತಿಗ್ರಂಥಿ’ ಎಂದು ಹೆಸರಿಟ್ಟರು. ಮಂದವಾದ ಕಾಂತಮಿಡಿತಗಳಿಂದ ಗ್ರಂಥಿಗಳನ್ನಷ್ಟೇ ಹಾಕಿಬಿಟ್ಟರೆ ಸಾಕು, ಬಟ್ಟೆಯನ್ನು ಮನಸ್ಸೇ ನೇಯುತ್ತದೆ. ಗಂಡಹೆಂಡಿರಿಗಾಗಿ ಅದರಲ್ಲೇ ಇನ್ನೊಂದು ಸೌಲಭ್ಯವಿತ್ತು, ‘ಸಾಂಗತ್ಯ ಗ್ರಂಥಿ’. ಸಿನಿಮಾದ ಜೊತೆಗೆ, ಪಕ್ಕದ ಸೀಟಿನಲ್ಲಿ ಸಂಗಾತಿ ಕೂತಿದ್ದ ನೆನಪೂ ಬೀಳುತ್ತಿತ್ತು. ಕತ್ತಲೆ, ಹೆಗಲಿನ ಬಿಸಿ, ಹಿಡಿದ ಕೈ, ಎಲ್ಲವೂ. ಸಂಗಾತಿಯೊಂದಿಗೆ ನೋಡಲೇಬೇಕಾದ ಪ್ರೇಮಚಿತ್ರಗಳ ಪಟ್ಟಿಯೊಂದನ್ನು ಗೂಡಿನ ಗಾಜಿಗೇ ಅಂಟಿಸಿದ್ದರು. ಜನ ಬಸ್ಸಿಗೆ ಕಾಯುತ್ತ, ರೇಷನ್ ಸಾಲು ಕರಗುವುದನ್ನು ಕಾಯುತ್ತ ಅದನ್ನು ಮುಗಿಸಿಕೊಳ್ಳುತ್ತಿದ್ದರು.

ದಾಕ್ಷಾಯಿಣಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಮರುಳಸಿದ್ದಪ್ಪ ಗೂಡ್ಸ್ ರೈಲಿನ ಗಾರ್ಡ್. ರೈಲುಗಳು ತಾವೇ ಓಡುವ ಕಾಲ ಬಂದಿದ್ದರೂ ಕೊನೆಯ ಡಬ್ಬಿಯಲ್ಲಿ ಒಬ್ಬ ಮನುಷ್ಯ ಇರಲೇಬೇಕೆಂಬ ನಿಯಮ ಹೋಗಿರಲಿಲ್ಲ. ಆತ ಮನೆಗೆ ಬರುವ ಹೊತ್ತಿಗೆ ಆಕೆ ಹೊರಡುತ್ತಿದ್ದಳು. ಇಬ್ಬರೂ ಸೇರಿ ಇರುವ ಹೊತ್ತು ಮಕ್ಕಳ ಜ್ವರ, ಪರೀಕ್ಷೆ, ಹರಿದ ಚಪ್ಪಲಿಗಳಿಗೆ ಹೋಗುತ್ತಿತ್ತು. ಮಕ್ಕಳಿರುವ ಮನೆಯಲ್ಲಿ ಮೂರು ಗಂಟೆ ಒಟ್ಟಿಗೆ ಸಿಗುವುದಿಲ್ಲ. ತುಂಡುತುಂಡಾಗಿ ಸಿಗುತ್ತದೆ, ಅದೂ ನಿದ್ದೆಯಿಂದ ಕದ್ದದ್ದು.

ಮರುದಿನ ಬೆಳಿಗ್ಗೆ ಆಕೆ ಟಿಫಿನ್ ಡಬ್ಬಿಗಳಿಗೆ ಚಿತ್ರಾನ್ನ ತುಂಬುತ್ತಿದ್ದಾಗ ಮರುಳಸಿದ್ದಪ್ಪ ಡ್ಯೂಟಿ ಮುಗಿಸಿ ಬಂದ. ಬಂದವನೇ ಒಲೆಯ ಮುಂದೆ ನಿಂತು ಆಕೆಗೊಂದು ಲೋಟ ಟೀ ಮಾಡಿಕೊಟ್ಟ. ದಾಕ್ಷಾಯಿಣಿ ಲೋಟ ನೋಡಿದಳು, ಗಂಡನನ್ನು ನೋಡಿದಳು.

“ಇದೇನ್ರೀ, ಹೊಸದಾಗಿ?”

“ಕುಡಿ, ಕುಡಿ. ಅಂಬಿಗನ ಸಿನಿಮಾ ನೋಡ್ದೆ, ಬಾಣಾವರದ ಸ್ಟೇಷನ್ನಲ್ಲಿ. ನೀನು ಅಷ್ಟೊಂದು ಅಳ್ತೀಯ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ.”

ಅಂಬಿಗನ ಸಿನಿಮಾ ಎಂದರೆ ಆ ಪಟ್ಟಿಯ ಮೊದಲನೆಯದು. ನದಿ ದಾಟಿಸುವ ಅಂಬಿಗ, ದಿನವೂ ಅವನ ದೋಣಿಯಲ್ಲಿ ಆಚೆ ದಡದ ಶಾಲೆಗೆ ಹೋಗುವ ಟೀಚರು. ನದಿಗೆ ಸೇತುವೆ ಬರುತ್ತದೆ, ದೋಣಿ ಬೇಡವಾಗುತ್ತದೆ. ದಾಕ್ಷಾಯಿಣಿ ಹಿಂದಿನ ದಿನ ನೋಡಿದ್ದೂ ಅದನ್ನೇ.

“ನಾನೆಲ್ಲಿ ಅತ್ತೆ? ಅತ್ತಿದ್ದು ನೀವು.”

“ನಾನಾ?”

“ಮತ್ತೆ? ಸೇತುವೆ ಉದ್ಘಾಟನೆ ಸೀನಲ್ಲಿ. ಎಡಗೈ ಮಣಿಕಟ್ಟಲ್ಲಿ ಮೂಗು ಒರೆಸ್ಕೊಂಡ್ರಿ. ಏನಾಯ್ತು ಅಂದ್ರೆ ‘ಏನಿಲ್ಲ, ಧೂಳು’ ಅಂದ್ರಿ.”

“ಧೂಳು ಅಂದಿದ್ದು ನೀನು ಕಣೇ! ನಾನೇ ಕರ್ಚೀಫ್ ಕೊಟ್ಟೆ.”

“ನಿಮ್ಮ ಹತ್ರ ಯಾವತ್ತು ಕರ್ಚೀಫ್ ಇತ್ತು ಸ್ವಾಮೀ? ಒಗೆಯೋಳು ನಾನು.”

ಶೂ ಹಾಕಿಕೊಳ್ಳುತ್ತಿದ್ದ ಮಗಳು ಸ್ಪಂದನಾ ತಲೆಯೆತ್ತಿದಳು. “ನೀವಿಬ್ರೂ ಒಟ್ಟಿಗೆ ಹೋಗೇ ಇಲ್ವಲ್ಲಮ್ಮಾ. ಅಪ್ಪ ಬಾಣಾವರದಲ್ಲಿ, ನೀನು ಇಲ್ಲಿ. ಯಾರು ಅತ್ರೆ ಏನು, ನನ್ನ ಡಬ್ಬಿ ಕೊಡು.”

ಮರುಳಸಿದ್ದಪ್ಪ ನಕ್ಕ. “ಹೆಂಗೋ ಆಗ್ಲಿ ದಾಕ್ಷಿ, ಕೊಟ್ಟ ಮಾತು ನಡೆಸಿಕೊಟ್ಟಂಗಾಯ್ತಲ್ಲ. ನಾವಿಬ್ರೇ ಕೂತು ನೋಡಿದ್ವಿ.”

“ಯಾವಾಗ ಕೂತ್ವಿ?”

“ನೆನಪೈತಲ್ಲ. ನೆನಪಿದ್ಮೇಲೆ ಆಗಿದ್ದು ಅಂತಲೇ ಲೆಕ್ಕ.”

ದಾಕ್ಷಾಯಿಣಿ ಟೀ ಕುಡಿಯದೆ ಲೋಟ ಕೆಳಗಿಟ್ಟಳು. ಇಪ್ಪತ್ತು ವರ್ಷ ಕಾದದ್ದನ್ನು ಹೀಗೆ ರಸೀದಿ ಹರಿದು ಕೈಗಿಟ್ಟಂತೆ ಮುಗಿಸಿಬಿಟ್ಟರೆ ಒಪ್ಪಿಕೊಳ್ಳುವ ಹೆಂಗಸಲ್ಲ ಆಕೆ.

ಲ್ಯಾಬಿಗೆ ಹೋದವಳೇ ಜೊತೆಯ ಶಾಹೀನಳನ್ನು ಕೇಳಿದಳು. “ನಿಮ್ಮೆಜಮಾನ್ರು ಅಂಬಿಗನ ಸಿನಿಮಾದಲ್ಲಿ ಅತ್ರಾ?”

“ಅಯ್ಯೋ ಅಕ್ಕಾ, ಹೆಂಗೆ ಗೊತ್ತು ನಿಮಗೆ? ಮಗು ಹಂಗೆ. ಮಣಿಕಟ್ಟಲ್ಲಿ ಮೂಗು ಒರೆಸ್ಕೊಂಡು ‘ಏನಿಲ್ಲ, ಧೂಳು’ ಅಂದ್ರು. ಅವತ್ತಿಂದ ಅವ್ರ ಮೇಲೆ ಕೂಗಾಡೋಕೇ ಮನಸ್ಸು ಬರ್ತಿಲ್ಲ.”

“ಎಡಗೈ ತಾನೆ?”

“ಎಡಗೈನೇ.”

ಅಂದಿನಿಂದ ದಾಕ್ಷಾಯಿಣಿ ರಕ್ತ ಕೊಡಲು ಬಂದವರನ್ನೆಲ್ಲ ವಿಚಾರಿಸತೊಡಗಿದಳು. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮುಷ್ಟಿ ಹಿಡಿಯಿರಿ ಎಂದು, ಸೂಜಿ ಹೊರತೆಗೆಯುವುದರೊಳಗೆ ಉತ್ತರ ಪಡೆಯುತ್ತಿದ್ದಳು. ತೆಂಗಿನಕಾಯಿ ಮಂಡಿಯ ಸಾಹುಕಾರರಿಂದ ಹಿಡಿದು ಹೈಸ್ಕೂಲಿನ ಪಿ.ಟಿ. ಮೇಷ್ಟ್ರವರೆಗೆ ಎಲ್ಲರ ಸಂಗಾತಿಯೂ ಒಂದೇ ಸೀನಿನಲ್ಲಿ ಅತ್ತಿದ್ದರು, ಒಂದೇ ಕೈಯಲ್ಲಿ ಒರೆಸಿಕೊಂಡಿದ್ದರು, ಒಂದೇ ಮಾತು ಆಡಿದ್ದರು. ತಾನು ಅತ್ತೆ ಎಂದವರು ಒಬ್ಬರೂ ಇರಲಿಲ್ಲ.

ಶನಿವಾರ ಅರ್ಧ ದಿನದ ರಜೆ ಹಾಕಿ ಆಕೆ ಹಾಸನದ ಬಸ್ಸು ಹತ್ತಿದಳು. ಚಿತ್ರಸ್ಮೃತಿಯನ್ನು ರೂಪಿಸಿದ ಸಂಶೋಧನಾಲಯ ಇದ್ದದ್ದು ಅಲ್ಲಿ. ಬಾಗಿಲ ಬಳಿಯವರು ಅಪಾಯಿಂಟ್‌ಮೆಂಟ್ ಇಲ್ಲದೆ ಬಿಡುವುದಿಲ್ಲ ಎಂದರು. ಆಕೆ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದಳು. ಊಟ ಮುಗಿಸಿ ಮತ್ತೆ ಕೇಳಿದಳು. ಮತ್ತೆ ಕೂತಳು. ಕೊನೆಗೆ ಮುಖ್ಯ ವಿಜ್ಞಾನಿ ಡಾ. ಶ್ರೀವರ್ಧನ ತಾವೇ ಹೊರಬಂದರು. ನಲವತ್ತರ ಆಸುಪಾಸು, ಕನ್ನಡಕ, ಇಸ್ತ್ರಿ ಕಾಣದ ಅಂಗಿ. ಒಳಗೆ ಕರೆದು ಕೂರಿಸಿ ಆಕೆಯ ಮಾತನ್ನೆಲ್ಲ ಕೇಳಿದರು.

“ನೀವು ಹೇಳೋದು ಸರಿ,” ಎಂದರು. “ಸಾಂಗತ್ಯ ಗ್ರಂಥಿಗೆ ಮುಖ, ದನಿ ನಿಮ್ಮ ಮಿದುಳೇ ಕೊಡತ್ತೆ. ಗಂಡನನ್ನ ನೆನೆದರೆ ಗಂಡನ ಮುಖ. ಆದರೆ ಆ ಅಳು, ಆ ಕೈಯ ಒತ್ತಡ, ಆ ಮಾತು, ಇವಕ್ಕೆ ಅಚ್ಚೊಂದು ಬೇಕಲ್ಲ. ಒಬ್ಬ ಮನುಷ್ಯ ನಿಜವಾಗಿ ಸಿನಿಮಾ ನೋಡುವಾಗ ದಾಖಲಿಸಿದ ಅಚ್ಚು. ತುಂಬ ಜನರನ್ನ ಕೂರಿಸಿ ನೋಡಿದ್ವಿ. ತಲೆಗೆ ತಂತಿ ಕಟ್ಟಿದ್ರೆ ಎಲ್ಲರೂ ಪಾಸ್‌ಪೋರ್ಟ್ ಫೋಟೋಗೆ ಕೂತಂಗೆ ಕೂರ್ತಾರೆ. ಒಬ್ಬನ ದಾಖಲೆ ಮಾತ್ರ ಚೆನ್ನಾಗಿ ಬಂತು.”

“ಯಾರು ಸರ್ ಆ ಪುಣ್ಯಾತ್ಮ?”

ಶ್ರೀವರ್ಧನ ತಮ್ಮ ಎಡಗೈಯನ್ನು ನೋಡಿಕೊಂಡರು. “ನಾನೇ.”

ದಾಕ್ಷಾಯಿಣಿಯೂ ಆ ಕೈಯನ್ನೇ ನೋಡಿದಳು.

“ಅವತ್ತು ನಾನು ಮದುವೆಯಾಗಬೇಕಿದ್ದ ಹುಡುಗಿ ಪಕ್ಕದಲ್ಲಿದ್ದಳು. ಇಬ್ಬರಿಗೂ ತಂತಿ ಕಟ್ಟಿತ್ತು. ಇಂಟರ್‌ವಲ್‌ನಲ್ಲಿ ಆಕೆ, ನನಗೆ ಈ ಮದುವೆ ಬೇಡ ಅಂದಳು. ಪ್ರಯೋಗ ಹಾಳಾಗಬಾರದು ಅಂತ ಪಾಪ, ಮತ್ತೆ ಬಂದು ಕೂತಳು. ಕೈಯನ್ನೂ ಬಿಡಲಿಲ್ಲ. ಸೇತುವೆ ಸೀನು ಬಂದಾಗ ನನಗೆ ತಡೆಯಲಾಗಲಿಲ್ಲ. ಏನಾಯ್ತು ಅಂದಳು. ಧೂಳು ಅಂದೆ. ಅಷ್ಟಕ್ಕೇ ಆಕೆ ಎದ್ದು ಹೋದಳು.”

“ಹಂಗಾದ್ರೆ ನೀವು ಸಿನಿಮಾಕ್ಕೆ ಅತ್ತಿದ್ದಲ್ಲ.”

“ಇಲ್ಲ. ಆದರೆ ಯಂತ್ರಕ್ಕೆ ಅದು ಗೊತ್ತಾಗಲ್ಲ. ಸಹೋದ್ಯೋಗಿಗಳು, ಇಷ್ಟು ಆಳವಾದ ಅಳು ಇನ್ನೆಲ್ಲಿ ಸಿಗತ್ತೆ ಅಂದ್ರು. ಬೇಡ ಅನ್ನೋಕೆ ನನಗೆ ಕಾರಣ ಹೇಳಬೇಕಾಗ್ತಿತ್ತು. ಸುಮ್ಮನಾದೆ.” ಅವರು ಕನ್ನಡಕ ತೆಗೆದು ಒರೆಸಿದರು. “ಅದರಿಂದ ಕೆಟ್ಟದ್ದೇನೂ ಆಗಿಲ್ಲ, ನೋಡಿ. ಜಗಳ ಬಿಡಿಸಿಕೊಳ್ಳೋಕೆ ಕೋರ್ಟಿಗೆ ಹೋಗೋ ಗಂಡಹೆಂಡಿರು ಕಡಿಮೆಯಾಗಿದ್ದಾರೆ. ತನ್ನೆದುರು ಅತ್ತವರ ಮೇಲೆ ಯಾರೂ ಸುಲಭಕ್ಕೆ ರೇಗಲ್ಲ. ನಾವ್ಯಾರೂ ಇದನ್ನ ಊಹಿಸಿರಲಿಲ್ಲ.”

ಗಂಡ ಮಾಡಿಕೊಟ್ಟ ಟೀ ದಾಕ್ಷಾಯಿಣಿಗೆ ನೆನಪಾಯಿತು. ಇಷ್ಟು ವರ್ಷದಲ್ಲಿ ಮೊದಲ ಟೀ. ಅದು ಈ ಅಪರಿಚಿತನ ಕಣ್ಣೀರಿಗೆ ಸಿಕ್ಕ ಟೀ.

“ಸರ್, ನನ್ನ ಗಂಟು ಬಿಚ್ಚಿಕೊಡಿ.”

“ಬಿಚ್ಚಬಹುದು. ಆ ಸಿನಿಮಾ ನೋಡಿದ ನೆನಪೇ ಪೂರ್ತಿ ಹೋಗತ್ತೆ. ಆದರೆ ಇಬ್ಬರೂ ಒಪ್ಪಬೇಕು. ಒಬ್ಬರದು ಉಳಿಸಿ ಒಬ್ಬರದು ತೆಗೆದ್ರೆ ನೆನಪು ಉಳಿದವರು ಮನೆಯಲ್ಲಿ ಸುಳ್ಳುಗಾರರಾಗ್ತಾರೆ. ಯೋಚನೆ ಮಾಡಿ ಅಮ್ಮಾ. ಇದು ಕೆಟ್ಟ ನೆನಪೇನಲ್ಲ.”

“ಕೆಟ್ಟದ್ದಲ್ಲ ಸರ್. ನಂದಲ್ಲ, ಅಷ್ಟೇ. ನನಗೆ ನನ್ನ ಗಂಡ ಪಕ್ಕದಲ್ಲಿ ಕೂರಬೇಕು. ಅತ್ರೆ ಅಳಲಿ, ಆಕಳಿಸಿದ್ರೆ ಆಕಳಿಸಲಿ.”

ಬಸ್ಸು ಅರಸೀಕೆರೆ ಮುಟ್ಟುವವರೆಗೂ ಆಕೆ ಗಂಡನಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಮರುಳಸಿದ್ದಪ್ಪ ಮಂಚದ ಮೇಲೆ ಕೂತು ಎಲ್ಲ ಕೇಳಿ, ಮೈಮುರಿದ.

“ಬಿಡೇ ಅತ್ಲಾಗೆ. ಚೆನ್ನಾಗೇ ಇದೀವಲ್ಲ. ಯಾರೋ ಅತ್ರಂತೆ, ನಾವು ಹೊಂದ್ಕೊಂಡು ಇದೀವಂತೆ. ಯಾಕೆ ಕೆದಕ್ತೀಯ?”

“ರೀ, ಆ ಸೀಟಲ್ಲಿ ನೀವು ಅತ್ತಿದ್ದು ನೆನೆಸ್ಕೊಂಡಾಗೆಲ್ಲ ನನಗೆ ಎಷ್ಟು ಅಕ್ಕರೆ ಬರ್ತಿತ್ತು ಗೊತ್ತಾ? ಅದೆಲ್ಲ ಆ ಡಾಕ್ಟ್ರಿಗೆ ಹೋಗ್ಬೇಕಾಗಿದ್ದು. ಕತ್ತಲೇಲಿ ಕೈ ಹಿಡಿದಿದ್ದೂ ಅವರೇ.”

ಮರುಳಸಿದ್ದಪ್ಪ ನೆಟ್ಟಗೆ ಕೂತ. “ಅಂದ್ರೆ, ನಾನು ಅಂದ್ಕೊಂಡು ಆ ಡಾಕ್ಟ್ರ ಕೈ ಹಿಡ್ಕೊಂಡಿದ್ಯಾ ಇಷ್ಟು ದಿನ?”

“ನೀವು ಹಿಡ್ಕೊಂಡಿದ್ದೂ ಅದೇ ಕೈ ಕಣ್ರೀ.”

ಆತ ತನ್ನ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ. ಆಮೇಲೆ ಅಂಗೈಯನ್ನು ಲುಂಗಿಗೆ ಒರೆಸಿದ. “ಯಾವತ್ತು ಹೋಗಣ ಹಾಸನಕ್ಕೆ?”

ಗ್ರಂಥಿ ಬಿಚ್ಚುವುದು ಹಾಕುವುದಕ್ಕಿಂತ ಬೇಗ ಮುಗಿಯಿತು. ಅಂಬಿಗ, ಟೀಚರು, ಸೇತುವೆ ಎಲ್ಲವೂ ಇಬ್ಬರಿಂದಲೂ ಹೋದವು. ಇಂಥದೊಂದು ಸಿನಿಮಾ ಇದೆ, ಅದಕ್ಕಾಗಿ ಜಗಳವಾಡಿದ್ದೆವು, ಅತ್ತದ್ದು ಈ ಡಾಕ್ಟರು ಎಂಬುದಷ್ಟೇ ಉಳಿಯಿತು. ಹೊರಡುವಾಗ ಶ್ರೀವರ್ಧನರೇ ಹೇಳಿದರು: ಹಾಸನದಲ್ಲೇ ಹಳೆಯ ಟಾಕೀಸೊಂದು ಉಳಿದಿದೆ, ಭಾನುವಾರ ಒಂದೇ ಆಟ, ಮುಂದಿನ ತಿಂಗಳು ಇದೇ ಸಿನಿಮಾ.

ಆ ಭಾನುವಾರವನ್ನು ದಾಕ್ಷಾಯಿಣಿ ಹಿಡಿದು ತಂದಳೆಂದೇ ಹೇಳಬೇಕು. ಮಕ್ಕಳು ನಾವೂ ಬರುತ್ತೇವೆ ಎಂದರು. ಶಾಹೀನಳ ಮನೆಗೆ ಕಳಿಸಿದಳು. ನಾದಿನಿ ಫೋನ್ ಮಾಡಿ, ಹಾಸನಕ್ಕಾದರೆ ನನ್ನನ್ನೂ ಕರೆದೊಯ್ಯಿ ಎಂದಳು. ಇಲ್ಲಮ್ಮ, ಈ ಸಲ ಇಲ್ಲ ಎಂದಳು. ಹಿಂದಿನ ಸಂಜೆ ರೈಲ್ವೆಯ ಕಂಟ್ರೋಲ್ ಆಫೀಸಿನಿಂದ ಮರುಳಸಿದ್ದಪ್ಪನಿಗೆ ಡ್ಯೂಟಿಯ ಕರೆ ಬಂತು. ಫೋನನ್ನು ತಾನೇ ತೆಗೆದುಕೊಂಡು, “ಅವರಿಗೆ ನಾಳೆ ರಜೆ ಮಂಜೂರಾಗಿದೆ, ಬೇರೆಯವರನ್ನ ನೋಡಿಕೊಳ್ಳಿ,” ಎಂದಳು. ಗಂಡ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ಟಾಕೀಸಿನಲ್ಲಿ ಜನ ಹೆಚ್ಚಿರಲಿಲ್ಲ. ಕುರ್ಚಿಯ ಸ್ಪ್ರಿಂಗು ಚುಚ್ಚುತ್ತಿತ್ತು, ಫ್ಯಾನು ಕಿರುಗುಟ್ಟುತ್ತಿತ್ತು. ಮರುಳಸಿದ್ದಪ್ಪ ಬಾಯಿ ಮುಚ್ಚಿ ನೋಡುವ ಗಿರಾಕಿಯಲ್ಲವೆಂದು ಆಕೆಗೆ ಅಂದೇ ತಿಳಿದದ್ದು.

“ಇವನಿಗೆ ಈಜು ಬರ್ತದಾ?”

“ಅಂಬಿಗ ಕಣ್ರೀ, ಬರ್ದೆ ಇರ್ತದಾ?”

“ಹಂಗೇನಿಲ್ಲ. ನಮ್ಮ ಡ್ರೈವರ್ ಒಬ್ಬನಿಗೆ ಸೈಕಲ್ ಬರಲ್ಲ.”

ಹಿಂದಿನಿಂದ ಯಾರೋ ಶ್ ಎಂದರು. ದಾಕ್ಷಾಯಿಣಿ ಸೆರಗು ಬಾಯಿಗಿಟ್ಟು ನಕ್ಕಳು. ಆತನ ಕೈ ಆಕೆಯ ಕೈ ಮೇಲಿತ್ತು. ಒರಟಾದ, ಸ್ವಲ್ಪ ಬೆವರಿದ, ಬಾವುಟದ ಕೋಲು ಹಿಡಿದು ಜಡ್ಡುಗಟ್ಟಿದ ಕೈ. ಎಲ್ಲವೂ ಆಕೆ ಅಂದುಕೊಂಡದ್ದಕ್ಕಿಂತ ಸಾಧಾರಣವಾಗಿತ್ತು, ಅದೇ ಆಕೆಗೆ ಬೇಕಾಗಿದ್ದದ್ದು.

ಇಂಟರ್‌ವಲ್ಲಿನಲ್ಲಿ ದೀಪ ಹತ್ತಿತು. ಮುಂದಿನ ಸಾಲುಗಳಲ್ಲಿ ಒಂಟಿಯಾಗಿ ಕೂತಿದ್ದವರೊಬ್ಬರು ಎದ್ದು ಬಾಗಿಲ ಕಡೆ ಹೊರಟರು. ಶ್ರೀವರ್ಧನ. ಇವರನ್ನು ಕಂಡು ತಬ್ಬಿಬ್ಬಾದರು.

“ನೀವು ನೋಡಿ, ನೋಡಿ. ನಾನು ಸುಮ್ಮನೆ ಬಂದಿದ್ದೆ. ಒಂದು ಸಲ ನೋಡಿಬಿಡೋಣ ಅಂತ. ಇಲ್ಲಿಂದ ಮುಂದೆ ನನಗೆ ಕಥೇನೇ ಗೊತ್ತಿಲ್ಲ. ಅವತ್ತು ಏನೂ ಕಾಣ್ಲಿಲ್ಲ.” ನಗಲು ನೋಡಿದರು. “ಆಗಲ್ಲ ಅನ್ಸತ್ತೆ. ಹೊರಡ್ತೀನಿ.”

ಮರುಳಸಿದ್ದಪ್ಪ ಮುಖ ಗಂಟು ಹಾಕಿಕೊಂಡು ಪರದೆಯ ಮೇಲಿನ ಸಾಬೂನಿನ ಜಾಹೀರಾತು ನೋಡುತ್ತಿದ್ದ. ದಾಕ್ಷಾಯಿಣಿ ಬಾಗಿಲ ಕಡೆ ನೋಡಿದಳು, ಗಂಡನನ್ನು ನೋಡಿದಳು. ಇನ್ನರ್ಧ ಸಿನಿಮಾ ಉಳಿದಿತ್ತು. ಒಂದು ಮಾತೂ ಆಡದಿದ್ದರೆ ಅದು ಆಕೆಯದೇ. ಶ್ರೀವರ್ಧನ ಬಾಗಿಲ ಪರದೆ ಸರಿಸಿದರು. ಹೊರಗಿನ ಬೆಳಕಿಗೆ ಎಡಗೈಯನ್ನು ಕಣ್ಣಿಗೆ ಅಡ್ಡ ಹಿಡಿದರು.

“ಸರ್,” ಎಂದು ಆಕೆ ಕೂಗಿದಳು. “ಅರ್ಧಕ್ಕೇ ಎಲ್ಲಿಗೆ ಹೋಗ್ತೀರಾ? ಬನ್ನಿ ಇಲ್ಲಿ.”

ಪಕ್ಕದ ಸೀಟಿನಲ್ಲಿಟ್ಟಿದ್ದ ಚೀಲವನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಮರುಳಸಿದ್ದಪ್ಪ ಆಕೆಯ ಕಿವಿಯಲ್ಲಿ, “ನಾವಿಬ್ರೇ ಅಂದಿದ್ಯಲ್ಲೇ,” ಎಂದ. “ಅಂದಿದ್ದೆ,” ಎಂದಳು. ಆತ ನಿಟ್ಟುಸಿರು ಬಿಟ್ಟು, ಎದ್ದು ನಿಂತು, “ನೀನು ಈ ಕಡೆ ಬಾ, ನಾನು ನಡುವೆ ಕೂರ್ತೀನಿ,” ಎಂದು ಸೀಟು ಬದಲಿಸಿದ.

ದೀಪ ಆರಿತು. ಸೇತುವೆಯ ಸೀನು ಬಂತು. ಶ್ರೀವರ್ಧನ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದರು. ಮರುಳಸಿದ್ದಪ್ಪ ಅವರತ್ತ ವಾಲಿ, ಅರ್ಧ ಟಾಕೀಸಿಗೆ ಕೇಳುವಂತೆ, “ಏನ್ ಯೋಚ್ನೆ ಮಾಡ್ಬೇಡಿ ಡಾಕ್ಟ್ರೇ, ಇಷ್ಟು ಬೇಗ ಮುಗಿಸಲ್ಲ, ಇನ್ನೊಂದು ಹಾಡು ಬಾಕಿ ಇರ್ಲೇಬೇಕು,” ಎಂದ. ಹಾಡು ಬಂತು. ಮೂವರಲ್ಲಿ ಯಾರೂ ಅಳಲಿಲ್ಲ, ಯಾರೂ ನಡುವೆ ಏಳಲೂ ಇಲ್ಲ.

ನಾವಿಬ್ಬರೇ ಎಂದು ಮರುಳಸಿದ್ದಪ್ಪ ಕೊಟ್ಟಿದ್ದ ಮಾತು ಅಂದು ಮುರಿಯಿತು. ಮುರಿದವಳು ದಾಕ್ಷಾಯಿಣಿ.