ಮೇಲಿನ ಪದರ

"ಆ ಸರಳು ಬಿಡಿ! ಒಂದು ಕಿಡಿ ಎದ್ರೆ ಎಲ್ರೂ ಸುಟ್ಟು ಬೂದಿಯಾಗ್ತೀವಿ!"

ಯಾರೋ ಧನ್ಯಾಳ ಮಣಿಕಟ್ಟನ್ನು ಉಡದಂತೆ ಹಿಡಿದಿದ್ದ. ಅವಳ ಕೈಯಲ್ಲಿ ಕಬ್ಬಿಣದ ಸರಳು. ಎದುರಿಗೆ ಮೊಳೆ ಹೊಡೆದು ಮುಚ್ಚಿದ ಕಿಟಕಿ. ಕಾಲ ಬುಡದಲ್ಲಿ, ಹೆಕ್ಸೇನ್ ಡ್ರಮ್ಮಿನ ಪಕ್ಕ, ಪ್ರಜ್ಞೆ ತಪ್ಪಿ ಬಿದ್ದಿದ್ದ ಕೂಲಿ ಹೆಂಗಸು ಪಂಕಜಾ.

"ಬಿಡ್ರೀ! ಅವಳು ಸಾಯ್ತಿದ್ದಾಳೆ!"

ಅವನು ಒದ್ದೆ ಗೋಣಿಯನ್ನು ಮೊಣಕೈಗೆ ಸುತ್ತಿ ಗಾಜಿಗೆ ಗುದ್ದಿದ. ಮತ್ತೆ ಗುದ್ದಿದ. ಗಾಜಿನೊಂದಿಗೆ ಅವನ ಚರ್ಮವೂ ಸೀಳಿತು. ಗಾಳಿ ನುಗ್ಗಿತು... ರಕ್ತವೂ!

"ನಾನು ಪೂಣಚ್ಚ. ಇವತ್ತಿಂದ ಇಲ್ಲಿ ಕೆಮಿಸ್ಟ್," ಎಂದ, ಪಂಕಜಾಳನ್ನು ಎತ್ತಿಕೊಳ್ಳುತ್ತಾ.

ಎಂಥ ಕಣ್ಣುಗಳು... ಛೇ! ಇದಕ್ಕೆ ಇದೇ ಹೊತ್ತೇ? ಧನ್ಯಾ ತನ್ನನ್ನೇ ಬೈದುಕೊಂಡಳು.

ಮೆಟ್ರೋ ಇನ್ನೂ ನೋಯ್ಡಾ ಮುಟ್ಟಿರದ ಕಾಲ. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನಿಂದ ಬಸ್ಸು ಬದಲಿಸಿ ಅವಳು ನೋಯ್ಡಾದ ಈ ಕಾರ್ಖಾನೆಯ ಲ್ಯಾಬಿನ ಕೆಲಸಕ್ಕೆ ಬರುತ್ತಿದ್ದಳು. ಅಶ್ವಗಂಧದ ಎಲೆಯ ಸಾರದಿಂದ ಮೇಣ, ಜಿಡ್ಡು ತೆಗೆಯಲು ಹೆಂಗಸರು ತೆರೆದ ಡ್ರಮ್ಮಿನಲ್ಲಿ ಹೆಕ್ಸೇನ್ ಎಂಬ ದ್ರಾವಕ ಹಾಕಿ ಕಲಕುತ್ತಿದ್ದರು. ಅದರ ಆವಿ ನರಗಳನ್ನು ತಿನ್ನುತ್ತದೆ. ಪಂಕಜಾಳ ಕಾಲುಗಳು ಆಗಲೇ ಜೋಮು ಹಿಡಿದು ಸತ್ತಿದ್ದವು. ಡಬ್ಬಿಯ ಮೇಲೆ ಮಾತ್ರ ‘ಶುದ್ಧ’ ಎಂಬ ಅಕ್ಷರ!

ಮಾಲೀಕ ಚಂದ್ರಮೋಹನ ಬಂದವನು ನೋಡಿದ್ದು ಕಿಟಕಿಯನ್ನು.

"ಯಾರು ಒಡೆದಿದ್ದು?"

"ಸರ್, ಪಂಕಜಾಳ ಕಾಲು..."

"ನಾಳೆ ಇನ್ನೊಬ್ಬಳು ಬರ್ತಾಳೆ. ಕಾಲು ಇರೋವಳು."

ಧನ್ಯಾ ಅವನಿಗೆ ಅಡ್ಡ ನಿಂತಳು. "ಹೆಕ್ಸೇನ್ ಇಲ್ಲದೇ ಸಾರ ಶುದ್ಧ ಮಾಡಿ ತೋರಿಸ್ತೀನಿ!"

"ಅಚ್ಛಾ? ಸೋಮವಾರ ಖರೀದಿದಾರರ ಮುಂದೆ ತೋರಿಸು, ಡ್ರಮ್ ಎತ್ತಿಸ್ತೀನಿ. ಆಗದಿದ್ರೆ ನೀನೂ ಹೊರಗೆ, ಈ ಹೆಂಗಸರೂ ಹೊರಗೆ. ಚಲೋ!"

ಧನ್ಯಾ, ಪೂಣಚ್ಚ ಇಬ್ಬರೂ ಕೆಲಸಕ್ಕಿಳಿದರು. ಸಾರದಲ್ಲಿದ್ದ ಮೆಥನಾಲನ್ನು ಆವಿಯಾಗಿಸಿ, ನೀರು ಬೆರೆಸಿ, ತಣ್ಣಗಿಟ್ಟರು. ಮೇಣ, ಹಸಿರು ಎಲ್ಲ ತಳಕ್ಕಿಳಿಯಿತು. ಸೋಸಿ, ನರಕ್ಕೆ ಹೆಕ್ಸೇನ್‌ನಷ್ಟು ಕೆಡುಕಲ್ಲದ ಈಥೈಲ್ ಅಸಿಟೇಟ್ ದ್ರಾವಕ ಹಾಕಿ ಕುಲುಕಿದರು. ಗಾಜಿನ ಆಲಿಕೆಯಲ್ಲಿ ಎರಡು ಪದರ ನಿಂತವು.

"ನನ್ನ ಕನ್ನಡ ಥೋಡಾ ಕಚ್ಚಾ ಇದೆ," ಎಂದ ಪೂಣಚ್ಚ. ದೆಹಲಿ ದಂಡಿನಲ್ಲಿ ಬೆಳೆದ ಸುಬೇದಾರನ ಮಗ.

"ಕೆಮಿಸ್ಟ್ರಿ ಪಕ್ಕಾ ಇದ್ರೆ ಸಾಕು!"

ಅವನು ನಕ್ಕ. ಬೆರಳಿಗೆ ಬೆರಳು ತಗುಲಿತು. ಅವನು ಗಾಯದ ಪಟ್ಟಿ ಬಿಗಿದುಕೊಳ್ಳಲು ತಿರುಗಿದಾಗ, ಅವಳು ಎಂದಿನಂತೆ ಬೇಕಾದ ಪದರವನ್ನು ಬಾಟಲಿಗೆ ತುಂಬಿ, ಬೇಡದ್ದನ್ನು ಜಾಡಿಗೆ ಸುರಿದಳು.

"ಅದನ್ನ ಚೆಲ್ಲಬೇಡಿ."

"ಅಯ್ಯೋ, ಕಸ ರೀ ಅದು!"

"ಕೆಲಸ ಮುಗಿಯೋವರೆಗೆ ಯಾವ ಪದರಾನೂ ಚೆಲ್ಲಬಾರದು. ನಮ್ಮ ಮೇಷ್ಟ್ರ ರೂಲ್." ಜಾಡಿಗೆ ಬಿರಡೆ ಹಾಕಿ, ಬಾಟಲಿಯ ಜೊತೆಗೇ ಬೀರುವಿನಲ್ಲಿಟ್ಟು ಬೀಗ ಹಾಕಿದ.

ಸೋಮವಾರ. ಖರೀದಿದಾರರು ಬರುವ ಮೊದಲು ಬಾಟಲಿಯ ಹನಿಯನ್ನು ಪರೀಕ್ಷೆಯ ಪ್ಲೇಟಿಗಿಟ್ಟು ಯುವಿ ದೀಪದ ಕೆಳಗೆ ಹಿಡಿದಳು. ಖಾಲಿ! ಸಾರವಿದ್ದರೆ ಮೂಡಬೇಕಾದ ಕಪ್ಪು ಗುರುತೇ ಇಲ್ಲ!

ಬೀರುವಿನ ಕೀಲಿ ಇದ್ದದ್ದು ಪೂಣಚ್ಚನ ಬಳಿ. ನಿನ್ನೆ ಸಂಜೆ ಮಾಲೀಕನ ಕಾರಿನಲ್ಲೂ ಕಂಡಿದ್ದ...

"ಬದಲಾಯಿಸಿಬಿಟ್ಯಾ? ಎಷ್ಟಕ್ಕೆ ಮಾರಿಕೊಂಡೆ?"

"ಧನ್ಯಾ, ಕೇಳಿ..."

ಅವಳ ಕೈ ಅವನ ಕೆನ್ನೆಗೆ ಅಪ್ಪಳಿಸಿತು.

ಹೊರಗೆ ಹೆಂಗಸರು, ಇನ್ನು ಹೆಕ್ಸೇನ್ ಕಲಕುವುದಿಲ್ಲವೆಂದು, ಡ್ರಮ್ಮಿನ ಕೋಣೆಗೆ ಅಡ್ಡ ಕೂತಿದ್ದರು. ಚಂದ್ರಮೋಹನ ಕಣ್ಣು ಮಿಟುಕಿಸಿದ. ಬಾಡಿಗೆ ಗೂಂಡಾಗಳು ಲಾಠಿ ಬೀಸುತ್ತಾ ನುಗ್ಗಿದರು. ಜುಟ್ಟು ಹಿಡಿದು ಎಳೆದರು. ತಲೆಗಳು ಒಡೆದವು. ಅಡ್ಡ ಬಂದ ಧನ್ಯಾಳ ಭುಜದ ಮೇಲೂ ಏಟು ಬಿತ್ತು. ಪೂಣಚ್ಚ ಓಡಿದ... ಲ್ಯಾಬಿನ ಕಡೆಗೆ!

"ಓಡು, ಹೇಡಿ!"

ಅವನು ಮರಳಿ ಬಂದ. ಶರ್ಟಿನೊಳಗೆ ಜಾಡಿ. ಬೆನ್ನಿಗೆ ಏಟು. ತಲೆಗೆ ಏಟು. ಮಗುವನ್ನು ಮುಚ್ಚುವಂತೆ ಜಾಡಿಯ ಮೇಲೆ ಬಾಗಿ, ತೆವಳಿಕೊಂಡೇ ಅವಳ ಮುಂದೆ ಬಂದ.

"ಮೇಲಿನ ಪದರ, ಧನ್ಯಾ! ಹೆಕ್ಸೇನಲ್ಲಿ ಮೇಲಿಂದು ಕಸ. ಇದ್ರಲ್ಲಿ ಮೇಲಿರೋದೇ ಸಾರ!"

ಅವಳು ಜಾಡಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಯ್ಯೋ... ವರುಷಗಳ ರೂಢಿ! ದಿನವೂ ಮೇಲಿನದನ್ನು ಚೆಲ್ಲಿ ಚೆಲ್ಲಿ, ಕೈ ತಾನಾಗಿಯೇ ಚೆಲ್ಲಿತ್ತು!

ಖರೀದಿದಾರರ ಕಾರು ಗೇಟಿಗೆ ಬಂದದ್ದೇ ಲಾಠಿಗಳು ಕೆಳಗಿಳಿದವು. ಅವಳು ಅವರೆದುರೇ ಜಾಡಿಯ ಹನಿಯಿಂದ ಹೊಸ ಪ್ಲೇಟ್ ಮಾಡಿದಳು. ದೀಪದಡಿ ಪ್ಲೇಟಿನ ಹಸಿರು ಹೊಳಪಿನ ನಡುವೆ ಕಪ್ಪು ಗುರುತು ಸ್ವಚ್ಛವಾಗಿ ನಿಂತಿತು. ಖರೀದಿದಾರರು ಪ್ಲೇಟ್ ನೋಡಿದರು, ರಕ್ತ ನೋಡಿದರು, ಮಾಲೀಕನ ಮುಖ ನೋಡಿದರು. ಅವನು ತೊದಲಿದ.

ಅವನ ಮನಸ್ಸು ಕರಗಲಿ ಎಂದು ಹೆಂಗಸರು ಕಾಯಲಿಲ್ಲ. ಡ್ರಮ್ಮಿಗೆ ಮುಚ್ಚಳ ಜಡಿದು ತಾವೇ ಗೇಟಿನಾಚೆ ಉರುಳಿಸಿದರು. ಎದ್ದು ನಿಲ್ಲಲಾಗದ ಪಂಕಜಾ ಕೂತಲ್ಲಿಂದಲೇ ಕೂಗಿದಳು: "ಜೋರ್ ಲಗಾಕೇ... ಹೈಶಾ!"

ಆಸ್ಪತ್ರೆಯ ಬೆಂಚು. ಅವನ ತಲೆಗೆ ಹೊಲಿಗೆ.

"ಚೆಲ್ಲಿದ್ದು ನಾನೇ... ಹೊಡೆದದ್ದೂ ನಾನೇ," ಧನ್ಯಾ ಬಿಕ್ಕಿದಳು.

"ಲಾಠಿಗಿಂತ ನಿಮ್ಮ ಕೈ ಜೋರು, ಕಸಮ್ ಸೇ."

"ಮೊದಲೇ ಹೇಳೋಕೇನಾಗಿತ್ತು?"

"ಪ್ಲೇಟ್ ಖಾಲಿ ಕಂಡಾಗಲೇ ನಂಗೂ ಹೊಳೆದಿದ್ದು. ಬಾಯಿ ತೆಗೆದೆ... ಚಟಾರ್!"

"ಮಾಲೀಕನ ಕಾರಲ್ಲಿ?"

"ಪಂಕಜಾನ ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಡ್ರೈವರ್ ಕೈಯಿಂದ ಕೀ ಕಿತ್ಕೊಂಡು."

ಅವಳು ಹೊಡೆದ ಕೆನ್ನೆಯ ಮೇಲೆ ಅಂಗೈ ಇಟ್ಟಳು. ಅವನು ಆ ಕೈಯನ್ನು ಅಲ್ಲೇ ಹಿಡಿದುಕೊಂಡ.

"ನನ್ನನ್ನೂ ಚೆಲ್ಲಿಬಿಟ್ರಿ ಅಂದ್ಕೊಂಡೆ, ಧನ್ಯಾ."

"ಕೆಲಸ ಮುಗಿಯೋವರೆಗೆ ಏನನ್ನೂ ಚೆಲ್ಲಬಾರದಂತೆ... ನಿಮ್ಮ ಮೇಷ್ಟ್ರು ಹೇಳಿದ್ದು."

"ಕೆಲಸ ಯಾವಾಗ ಮುಗಿಯುತ್ತೆ?"

"ಮೊದಲು ಪಂಕಜಾ ಎದ್ದು ನಡೀಲಿ," ಎಂದು ಅವಳು ಅವನ ಹೆಗಲಿಗೊರಗಿದಳು. "ಆಮೇಲೂ ಮುಗಿಯಲ್ಲ, ಪೂಣಚ್ಚ."